ಪೇಟೆಂಟ್ ಪಡೆದದ್ದನ್ನು ‘ಕಂಡುಹಿಡಿದರು’ ಅನ್ನಬಹುದೇ?

ಕುಮಟಾದ ಪ್ರೌಢಶಾಲೆಯೊಂದರ ಗೋಡೆಪತ್ರಿಕೆಗೆ ಪೇಟೆಂಟ್ ಬಗ್ಗೆ ಬರೆಯುತ್ತಿದ್ದೇನೆ. ಆಟ, ಹಣಕಾಸು, ಔಷಧಿ, ಈ ಮೂರು ಕಡೆಯಿಂದ ಒಂದೊಂದು ಉದಾಹರಣೆ ಆರಿಸಿಕೊಂಡಿದ್ದೇನೆ. ವಿಷಯ ಸಿಕ್ಕಿತು, ಪದ ಸಿಗುತ್ತಿಲ್ಲ. ‘ಕಂಡುಹಿಡಿ’ ಮತ್ತು ‘ವಿಧಾನ’ ಇವೆರಡರ ಬಗ್ಗೆ ಬಲ್ಲವರ ಸಲಹೆ ಬೇಕು.

ಗುರುತ್ವಾಕರ್ಷಣೆಯನ್ನೂ ‘ಕಂಡುಹಿಡಿದರು’ ಅಂತೀವಿ, ಟೆಲಿಫೋನನ್ನೂ ‘ಕಂಡುಹಿಡಿದರು’ ಅಂತೀವಿ. ಕಂಡು ಹಿಡಿಯಬೇಕಾದರೆ ಅದು ಮೊದಲೇ ಎಲ್ಲೋ ಇರಬೇಕು ಅಲ್ವಾ? ಟೆಲಿಫೋನ್ ಎಲ್ಲೂ ಇರಲಿಲ್ಲ. ಮಾತಿನಲ್ಲಿ ಇದು ನಡೆದುಹೋಗುತ್ತದೆ. ಪೇಟೆಂಟ್ ವಿಚಾರಕ್ಕೆ ಬಂದರೆ ನಡೆಯುವುದಿಲ್ಲ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಇಲ್ಲೇ ಗೆರೆ ಎಳೆಯುತ್ತದೆ. ಪ್ರಕೃತಿಯಲ್ಲಿ ಇದ್ದದ್ದು ಸಿಕ್ಕಿತು ಅನ್ನುವ ಕಾರಣಕ್ಕೆ ಪೇಟೆಂಟ್ ಕೊಡುವುದಿಲ್ಲ.

ಇನ್ಸುಲಿನ್ ನೋಡಿ. ಅದು ನಮ್ಮ ಮೈಯಲ್ಲೇ ಇದೆ. ಹಾಗಾಗಿ ಟೊರಾಂಟೊದ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಕಂಡುಹಿಡಿದರು ಅನ್ನುವುದು ಸರಿಯಾದ ಕನ್ನಡವೇ. ಆದರೆ ಪೇಟೆಂಟ್ ಸಿಕ್ಕಿದ್ದು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರಕ್ಕೆ, ಅದನ್ನು ತಯಾರಿಸುವ ಬಗೆಗೆ. ಅದರಲ್ಲಿ ಇವರ ಜೊತೆ ಕೆಲಸ ಮಾಡಿದ ಕಾಲಿಪ್ ಅವರ ಹೆಸರೂ ಇತ್ತು. 1923ರಲ್ಲಿ ಮೂವರೂ ತಲಾ ಒಂದು ಡಾಲರಿಗೆ ಅದನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಮಕ್ಕಳಿಗೆ ಇದನ್ನು ಹೇಳಲೇಬೇಕು ಅಂತ ನನಗೆ ಆಸೆ. ಆದರೆ ‘ಇನ್ಸುಲಿನ್ ಕಂಡುಹಿಡಿದು ಪೇಟೆಂಟ್ ಪಡೆದರು’ ಅಂತ ಬರೆದರೆ ಅರ್ಥ ತಪ್ಪುತ್ತದೆ.

ಆಟದಿಂದ ತೆಗೆದುಕೊಂಡಿದ್ದು ಟೆನಿಸ್. 1874ರಲ್ಲಿ ಬ್ರಿಟನ್ನಿನ ವಾಲ್ಟರ್ ವಿಂಗ್‌ಫೀಲ್ಡ್ ಪೇಟೆಂಟ್ ಪಡೆದರು. ಆಟಕ್ಕಲ್ಲ, ಬೇಕಾದಲ್ಲಿಗೆ ಹೊತ್ತೊಯ್ದು ಹೂಡಬಹುದಾದ ಅಂಗಳಕ್ಕೆ. ಅವರ ಅಂಗಳ ಈಗಿನಂತೆ ಆಯತಾಕಾರ ಅಲ್ಲ. ಡಮರುಗದ ಹಾಗೆ ನಡುವೆ ಕಿರಿದು, ಎರಡು ತುದಿಗೆ ಅಗಲ. ಟೆನಿಸ್ ಹಳೆಯದು ಅಂತ ಅರ್ಜಿಯ ತಲೆಬರಹದಲ್ಲೇ ಅವರು ಒಪ್ಪಿಕೊಂಡಿದ್ದರು.

ಹಣಕಾಸಿಗೆ ಎಟಿಎಂ. ಸ್ಕಾಟ್ಲೆಂಡಿನ ಎಂಜಿನಿಯರ್ ಜೇಮ್ಸ್ ಗುಡ್‌ಫೆಲೋ 1966ರಲ್ಲಿ ಅರ್ಜಿ ಹಾಕಿದರು. ತೂತು ಹೊಡೆದ ಕಾರ್ಡು, ಅದರ ಜೊತೆ ಗ್ರಾಹಕ ಒತ್ತಬೇಕಾದ ಗುಟ್ಟಿನ ಅಂಕಿ. ಇವತ್ತು ಕಾರವಾರದ ಮೀನುಪೇಟೆಯಲ್ಲಿ ಎಲ್ಲರೂ ಹೇಳುವ ‘ಪಿನ್’ ಇದೇ.

ಇನ್ನು ‘ವಿಧಾನ’. ಇದೇ ನನಗೆ ಜಾಸ್ತಿ ಕಾಡಿದ್ದು. ನಮ್ಮ ಕಾಯ್ದೆಯ ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ವ್ಯಾಪಾರ ನಡೆಸುವ ವಿಧಾನಕ್ಕೆ ಇಲ್ಲ. ರೋಗಿಗೆ ಚಿಕಿತ್ಸೆ ಕೊಡುವ ವಿಧಾನಕ್ಕೂ ಇಲ್ಲ. ಆದರೆ ಔಷಧಿ ತಯಾರಿಸುವ ವಿಧಾನಕ್ಕೆ ಇದೆ! ಒಂದೇ ಪದ, ಮೂರು ಕಡೆ ಇಲ್ಲ, ಒಂದು ಕಡೆ ಇದೆ. ಮಕ್ಕಳು ಏನಂತ ತಿಳಿದುಕೊಳ್ಳಬೇಕು? ಅಮೆರಿಕದಲ್ಲಿ ಗೆರೆ ಬೇರೆ ಕಡೆ ಇದೆ. ಒಂದೇ ಒತ್ತಿಗೆ ಖರೀದಿ ಮುಗಿಸುವುದಕ್ಕೆ 1999ರಲ್ಲಿ ಅಮೆಜಾನ್ ಅಲ್ಲಿ ಪೇಟೆಂಟ್ ಪಡೆದಿತ್ತು.

ಈ ವ್ಯತ್ಯಾಸ ಸುಮ್ನೆ ಪಂಡಿತರ ಚರ್ಚೆಯಲ್ಲ. 1970ರ ಕಾಯ್ದೆ ಜಾರಿಯಾದ ಮೇಲೆ 2005ರವರೆಗೆ ನಮ್ಮಲ್ಲಿ ಔಷಧಿಗೇ ಪೇಟೆಂಟ್ ಸಿಗುತ್ತಿರಲಿಲ್ಲ, ತಯಾರಿಸುವ ಬಗೆಗೆ ಮಾತ್ರ ಸಿಗುತ್ತಿತ್ತು. ಅದೇ ಮಾತ್ರೆಯನ್ನು ಬೇರೆ ಬಗೆಯಲ್ಲಿ ತಯಾರಿಸಿದರೆ ಅಡ್ಡಿ ಇರಲಿಲ್ಲ. ದುಬಾರಿ ಔಷಧಿಗಳು ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಕ್ಕಿದ್ದು ಹೀಗೆ.

ಸದ್ಯಕ್ಕೆ ನಾನು ಹೀಗೆ ಬರೆದುಕೊಂಡಿದ್ದೇನೆ: ಔಷಧಿಗೆ ‘ತಯಾರಿಸುವ ಬಗೆ’, ರೋಗಿಗೆ ‘ಚಿಕಿತ್ಸೆಯ ಕ್ರಮ’, ಆಟಕ್ಕೆ ‘ಆಡುವ ರೀತಿ’, ವ್ಯಾಪಾರಕ್ಕೆ ‘ಉಪಾಯ’. ‘ಉಪಾಯ’ ಸ್ವಲ್ಪ ಹಗುರವಾಯಿತೇ ಅನ್ನುವ ಅನುಮಾನ ಇದೆ.

ಪೇಟೆಂಟ್ ಅನ್ನುವುದನ್ನು ಹಾಗೇ ಇಟ್ಟುಕೊಂಡಿದ್ದೇನೆ. ‘ಹಕ್ಕುಸ್ವಾಮ್ಯ’ ಅಂದರೆ ಪುಸ್ತಕದ ಹಕ್ಕಿನ ಜೊತೆ ಗೊಂದಲ. ಅಲ್ಲದೆ ಆ ಪದದಲ್ಲಿ ಒಡೆತನ ಮಾತ್ರ ಕಾಣುತ್ತದೆ. ಪೇಟೆಂಟ್ ಅನ್ನುವುದರ ಲ್ಯಾಟಿನ್ ಬೇರಿನ ಅರ್ಥ ‘ತೆರೆದಿರು’. ಮಾಡಿದ್ದು ಹೇಗೆ ಅಂತ ಪೂರ್ತಿ ಬಿಚ್ಚಿ ಬರೆದುಕೊಟ್ಟವರಿಗೇ 20 ವರ್ಷದ ಹಕ್ಕು. ಶಿರಸಿ ಅಡಿಕೆಗೂ ಅಂಕೋಲೆಯ ಕರಿ ಇಶಾಡಿ ಮಾವಿಗೂ ‘ಪೇಟೆಂಟ್ ಆಯ್ತು’ ಅನ್ನುವವರಿದ್ದಾರೆ. ಅದು ಜಿಐ ಟ್ಯಾಗ್, ಊರಿನ ಹೆಸರಿಗೆ ಸಿಕ್ಕ ಹಕ್ಕು, ಬೇರೆಯೇ ಕಾನೂನು.

ಮತ್ತೆ ‘ಕಂಡುಹಿಡಿ’ಗೆ ಬರುತ್ತೇನೆ. ‘ಆವಿಷ್ಕಾರ’ ಅಂತ ಹಾಕಬಹುದು. ಆದರೆ ಅದರ ಮೂಲ ಅರ್ಥವೂ ಬೆಳಕಿಗೆ ತರುವುದು ಅಂತಲೇ. ಮೊನ್ನೆ ಶಿರಸಿ ಹತ್ತಿರ ಪರಿಚಯದವರ ತೋಟದಲ್ಲಿ ಕಾರ್ಬನ್ ದೋಟಿಯಿಂದ, ಅಂದರೆ ಕೊಯ್ಲಿನ ಉದ್ದ ಕೋಲಿನಿಂದ, ಅಡಿಕೆ ಗೊನೆ ಇಳಿಸುತ್ತಿದ್ದರು. ಕೊಳವೆಯೊಳಗೆ ಕೊಳವೆ, ಎಳೆದಂತೆ ಉದ್ದವಾಗುತ್ತದೆ, ಜೋಡಣೆ ಇದ್ದಲ್ಲೆಲ್ಲ ಕ್ಲಿಪ್ಪು. ತುದಿಯ ಕತ್ತಿಯ ಬಾಗು ಮಾತ್ರ ಬೇರೆ ಥರ ಇತ್ತು. ಯಾರು ಮಾಡಿದ್ದು ಅಂತ ಕೇಳಿದೆ. “ನಾನೇ, ಹೊಸ ನಮೂನಿ ಮಾಡ್ಸಿದ್ದು” ಅಂದರು. ‘ಕಂಡುಹಿಡಿದೆ’ ಅನ್ನಲಿಲ್ಲ.

‘ಹೊಸ ನಮೂನೆ’ ನನಗೆ ಹಿಡಿಸಿದೆ. ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು, ಮಾಡಿದ್ದು ಅನ್ನುವ ಭಾವವೂ ಇದೆ. ತೊಡಕು ಒಂದೇ: ಸರ್ಕಾರಿ ಕಚೇರಿಯಲ್ಲಿ ನಮೂನೆ ಅಂದರೆ ತುಂಬಿಕೊಡುವ ಫಾರಂ. ಹೊನ್ನಾವರ, ಭಟ್ಕಳ, ಹಳಿಯಾಳ ಕಡೆ ಇಂಥದ್ದಕ್ಕೆ ಬೇರೆ ಮಾತು ಇದೆಯೇ? ಕಮ್ಮಾರರು, ಬಡಗಿಗಳು, ದೋಣಿ ಕಟ್ಟುವವರು ತಾವು ಹೊಸದಾಗಿ ಮಾಡಿದ್ದಕ್ಕೆ ಏನನ್ನುತ್ತಾರೆ? ವಾಕ್ಯದ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.