ಇಂಗ್ಲಿಷ್ ಜರ್ನಲ್‌ನ ಲೇಖನಕ್ಕೆ ಶಾಸನ, ಗೆಜೆಟಿಯರ್, ಕನ್ನಡ ಪುಸ್ತಕಗಳ ರೆಫರೆನ್ಸ್ ಹಾಕುವುದು ಹೇಗೆ?

ಕೆರೆಏರಿ (ತುಮಕೂರು)

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳ ನಿರ್ವಹಣೆ ಬಗ್ಗೆ ಬರೆದ ಲೇಖನ ರಿವ್ಯೂಗೂ ಹೋಗದೆ ವಾಪಸ್ ಬಂದಿದೆ. "ರೆಫರೆನ್ಸ್‌ಗಳು ಎಪಿಎ 7ನೇ ಆವೃತ್ತಿಯಂತೆ ಇಲ್ಲ" ಅನ್ನುವುದೊಂದೇ ಕಾರಣ (ಎಪಿಎ ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್ನಿನ ರೆಫರೆನ್ಸ್ ಶೈಲಿ). ಒಟ್ಟು 64 ರೆಫರೆನ್ಸ್, ಎಲ್ಲವೂ ಝೊಟೆರೊ ಎಂಬ ರೆಫರೆನ್ಸ್ ತಂತ್ರಾಂಶದಲ್ಲಿವೆ. ಅಡ್ಡಾದಿಡ್ಡಿ ಆಗಿರುವುದು ಇಷ್ಟು: ಕೋಲಾರ ಜಿಲ್ಲಾ ಗೆಜೆಟಿಯರಿನ ಲೇಖಕರ ಜಾಗದಲ್ಲಿ "ಕರ್ನಾಟಕ, ಜಿ. ಒ." ಎಂದು ಬರುತ್ತಿದೆ. ಒಬ್ಬರೇ ಲೇಖಕರು ಒಂದು ಕಡೆ ಬರೀ ಹೆಸರಿನಿಂದ, ಇನ್ನೊಂದು ಕಡೆ ಇನಿಶಿಯಲ್ ಸಮೇತ ಕಾಣಿಸುತ್ತಾರೆ. ಕೈಯಲ್ಲಿ ತಿದ್ದಿದರೆ ಸ್ವಲ್ಪ ಹೊತ್ತಿಗೆ ಪಟ್ಟಿ ಮತ್ತೆ ಹಳೆಯ ಥರವೇ ಆಗಿಬಿಡುತ್ತದೆ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿನ ಶಾಸನಗಳನ್ನೂ ಕನ್ನಡ ಪುಸ್ತಕಗಳನ್ನೂ ಹೇಗೆ ನಮೂದಿಸಬೇಕು ಎಂಬುದಂತೂ ಗೊತ್ತಾಗುತ್ತಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಗುಬ್ಬಿಗೇಟ್

ಮೊದಲು ಕೈಯಲ್ಲಿ ತಿದ್ದುವುದನ್ನು ನಿಲ್ಲಿಸಿ. ವರ್ಡ್‌ನಲ್ಲಿ ಕಾಣುವ ಪಟ್ಟಿ ನೀವು ಟೈಪ್ ಮಾಡಿದ್ದಲ್ಲ, ಝೊಟೆರೊ ತುಂಬಿಸಿದ ಫೀಲ್ಡ್. ಹೊಸ ಸೈಟೇಶನ್ (ಪಠ್ಯದೊಳಗಿನ ಉಲ್ಲೇಖ) ಸೇರಿಸಿದಾಗಲೋ ರಿಫ್ರೆಶ್ ಒತ್ತಿದಾಗಲೋ ಅದು ಇಡೀ ಪಟ್ಟಿಯನ್ನು ಮೊದಲಿನಿಂದ ಬರೆಯುತ್ತದೆ, ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ತಪ್ಪು ಇರುವುದು ಝೊಟೆರೊದ ನಮೂದಿನಲ್ಲಿ. ಅಲ್ಲಿ ತಿದ್ದಿ, ಆಮೇಲೆ ರಿಫ್ರೆಶ್ ಮಾಡಿ.

"ಕರ್ನಾಟಕ, ಜಿ. ಒ." ಬರುವುದು ಏಕೆಂದರೆ ಲೇಖಕರ ಖಾನೆ ಎರಡು ಭಾಗವಾಗಿದೆ. ಗೌರ್ನಮೆಂಟ್ ಆಫ್ ಕರ್ನಾಟಕ ಎಂಬುದರಲ್ಲಿ ಕೊನೆಯ ಪದವನ್ನು ಮನೆತನದ ಹೆಸರೆಂದು ಹಿಡಿದು, ಉಳಿದದ್ದನ್ನು ಇನಿಶಿಯಲ್ ಮಾಡಿಬಿಟ್ಟಿದೆ. ಲೇಖಕರ ಹೆಸರಿನ ಪಕ್ಕದ ಚಿಕ್ಕ ಗುಂಡಿ ಒತ್ತಿ ಒಂದೇ ಖಾನೆಗೆ ಬದಲಿಸಿ. ಸಂಸ್ಥೆ, ಇಲಾಖೆ, ವಿಶ್ವವಿದ್ಯಾನಿಲಯ ಎಲ್ಲಕ್ಕೂ ಇದೇ ಮದ್ದು.

ಇನಿಶಿಯಲ್ ಗೊಂದಲದ ಮೂಲ ನಮ್ಮ ಹೆಸರುಗಳೇ. ಊರಿನ, ಅಪ್ಪನ ಇನಿಶಿಯಲ್ ಹೆಸರಿನ ಹಿಂದೆ ಬಂದರೂ ಮುಂದೆ ಬಂದರೂ ನಮಗೆ ತೊಂದರೆಯಿಲ್ಲ, ತಂತ್ರಾಂಶಕ್ಕೆ ತೊಂದರೆ. ವೆಬ್‌ನಿಂದ ಎಳೆದುಕೊಂಡಾಗ "ರಮೇಶ್ ಕೆ ಎಸ್" ಎಂಬವರು "ಎಸ್, ಆರ್. ಕೆ." ಆಗಿ ಕೂರುತ್ತಾರೆ. ರಮೇಶ್ ಎಂಬುದನ್ನು ಕೊನೆಯ ಹೆಸರಿನ ಖಾನೆಗೆ, "ಕೆ. ಎಸ್." ಎಂಬುದನ್ನು ಮೊದಲ ಹೆಸರಿನ ಖಾನೆಗೆ, ಚುಕ್ಕಿ ಮತ್ತು ಜಾಗ ಬಿಟ್ಟು, ಎಲ್ಲ ನಮೂದುಗಳಲ್ಲೂ ಒಂದೇ ಥರ ಹಾಕಿ. ಒಂದರಲ್ಲಿ "ಕೆ. ಎಸ್.", ಇನ್ನೊಂದರಲ್ಲಿ ಬರೀ "ಕೆ." ಇದ್ದರೆ ಝೊಟೆರೊ ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂದು ತಿಳಿಯುತ್ತದೆ. ಗುರುತು ಹತ್ತಲಿ ಎಂದು ಪಠ್ಯದೊಳಗೂ ಇನಿಶಿಯಲ್ ತಂದು ಹಾಕುತ್ತದೆ. ಎಪಿಎ ನಿಯಮವೇ ಹಾಗಿದೆ, ಆದ್ದರಿಂದ ಸ್ಟೈಲ್ ಫೈಲ್ ಬದಲಿಸಿ ಪ್ರಯೋಜನವಿಲ್ಲ.

2015ಎ, 2015ಬಿ ಎಂದು ಕಾರಣವಿಲ್ಲದೆ ಬಂದಿದ್ದರೆ ಅದೇ ಲೇಖನ ಎರಡು ಸಲ ಸೇರಿದೆ ಎಂದರ್ಥ. ಎರಡನ್ನೂ ಆರಿಸಿ ಮರ್ಜ್ ಮಾಡಿ. ಒಂದನ್ನು ಡಿಲೀಟ್ ಮಾಡಬೇಡಿ, ಮಾಡಿದರೆ ವರ್ಡ್‌ನಲ್ಲಿರುವ ಸೈಟೇಶನ್‌ಗೆ ಕೊಂಡಿ ತಪ್ಪುತ್ತದೆ.

ತಮಕ ರಸ್ತೆ (ಕೋಲಾರ)

ಗೆಜೆಟಿಯರ್ ವಿಷಯದಲ್ಲಿ ಒಂದು ತಿದ್ದುಪಡಿ. ನೀವು ಹೇಳುತ್ತಿರುವುದು 1968ರದ್ದಾದರೆ ಅದರ ಮೇಲೆ ಕರ್ನಾಟಕ ಸರ್ಕಾರ ಬರಕೂಡದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಪುಸ್ತಕ ಮೈಸೂರು ಸ್ಟೇಟ್ ಗೆಜೆಟಿಯರ್, ಸರ್ಕಾರ ಮೈಸೂರು ಸರ್ಕಾರ. ಮುಖಪುಟದಲ್ಲಿ ಅಚ್ಚಾಗಿರುವುದೇ ಪ್ರಮಾಣ, ಈಗಿನ ಹೆಸರಿಗೆ ಬದಲಿಸುವಂತಿಲ್ಲ. ಪ್ರಕಟಣೆಯ ಊರನ್ನು ಎಪಿಎ 7 ಕೈಬಿಟ್ಟಿದೆ, "ಬೆಂಗಳೂರು:" ಎಂದು ಪ್ರಕಾಶಕರ ಹಿಂದೆ ಬರೆದದ್ದನ್ನೆಲ್ಲ ತೆಗೆಯಿರಿ.

ಎಪಿಗ್ರಾಫಿಯಾ ಕರ್ನಾಟಿಕಾ ಇನ್ನೂ ಸೂಕ್ಷ್ಮ. ಕೋಲಾರ ಜಿಲ್ಲೆಯದು 10ನೇ ಸಂಪುಟ, 1905. ತುಮಕೂರಿನದು 12ನೇ ಸಂಪುಟ, 1904. ಪಟ್ಟಿಯಲ್ಲಿ ಸಂಪುಟಕ್ಕೊಂದು ನಮೂದು ಸಾಕು: ಸಂಪಾದಕರು ರೈಸ್, ಬಿ. ಎಲ್., ಇಸವಿ, ಹೆಸರು, ಸಂಪುಟ ಸಂಖ್ಯೆ, ಮುದ್ರಣಾಲಯ. ಮುದ್ರಣಾಲಯ ಎಲ್ಲ ಸಂಪುಟಕ್ಕೂ ಒಂದೇ ಅಲ್ಲ, ಆಯಾ ಸಂಪುಟ ತೆರೆದು ನೋಡಿ ಬರೆಯಿರಿ. ಒಂದೊಂದು ಶಾಸನಕ್ಕೂ ಪಟ್ಟಿಯಲ್ಲಿ ಸಾಲು ಕೊಡಬೇಡಿ. ಅದು ಪಠ್ಯದೊಳಗೆ ಬರಬೇಕು: ರೈಸ್, 1905, ಆಮೇಲೆ ತಾಲ್ಲೂಕು ಮತ್ತು ಶಾಸನದ ಸಂಖ್ಯೆ.

ಪುಟಸಂಖ್ಯೆ ಯಾಕೆ ಬೇಡ ಅಂದರೆ, ಆ ಸಂಪುಟಗಳಲ್ಲಿ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಮೂರಕ್ಕೂ ಬೇರೆ ಬೇರೆ ಪುಟಸಂಖ್ಯೆ ಇದೆ. 72ನೇ ಪುಟ ಎಂದರೆ ಯಾವ 72? ತಾಲ್ಲೂಕು ಮತ್ತು ಸಂಖ್ಯೆ ಕೊಟ್ಟರೆ ಮೂರೂ ಕಡೆ ಸಿಗುತ್ತದೆ. ಝೊಟೆರೊದಲ್ಲಿ ಸೈಟೇಶನ್ ಗುಳ್ಳೆಯ ಮೇಲೆ ಕ್ಲಿಕ್ ಮಾಡಿ ಸಫಿಕ್ಸ್ ಖಾನೆಯಲ್ಲಿ ಬರೆಯಿರಿ. ಪುಟದ ಖಾನೆಯಲ್ಲಿ ಹಾಕಿದರೆ ಮುಂದೆ "ಪು." ಅಂಟಿಕೊಳ್ಳುತ್ತದೆ.

ತಾಲ್ಲೂಕಿನ ಹೆಸರು ಸಂಪುಟದಲ್ಲಿ ಹೇಗಿದೆಯೋ ಹಾಗೇ ಇರಲಿ. ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟದ ಶಾಸನಗಳೆಲ್ಲ ಕೋಲಾರ ಸಂಪುಟದಲ್ಲೇ ಇವೆ. ಈಗಿನ ಜಿಲ್ಲೆ ಹೇಳಬೇಕಾದರೆ ನಿಮ್ಮ ವಾಕ್ಯದಲ್ಲಿ ಹೇಳಿ, ರೆಫರೆನ್ಸಿನಲ್ಲಲ್ಲ. 2001ರ ಜನಗಣತಿ ಕೋಷ್ಟಕ ಬಳಸಿದ್ದರೂ ಇದೇ ಎಚ್ಚರ ಬೇಕು: ಅದರ ಕೋಲಾರ ಅವಿಭಜಿತ ಜಿಲ್ಲೆ, 2011ರದು ಅಲ್ಲ. ರಿವ್ಯೂವರ್ ಕಣ್ಣು ಮೊದಲು ಬೀಳುವುದು ಇಂಥ ಕಡೆಗೇ.

ಇನ್ನೊಂದು: ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯ ಸಂಪುಟ ಸಂಖ್ಯೆಗಳು ಹಳೆಯದಕ್ಕೆ ಹೊಂದುವುದಿಲ್ಲ. ಎರಡನ್ನೂ ಬಳಸಿದ್ದರೆ ಎರಡು ಬೇರೆ ನಮೂದು ಮಾಡಿ.

ನಂದಿತಪ್ಪಲು

ಕನ್ನಡ ಪುಸ್ತಕಗಳ ಬಗ್ಗೆ. ಎಪಿಎ ಪ್ರಕಾರ ಶೀರ್ಷಿಕೆಯನ್ನು ರೋಮನ್ ಲಿಪಿಗೆ ತಂದು, ಅದರ ಮುಂದೆ ಚೌಕ ಆವರಣದಲ್ಲಿ ಇಂಗ್ಲಿಷ್ ಅರ್ಥ ಕೊಡಬೇಕು. ಪುಸ್ತಕವಾದರೆ ಶೀರ್ಷಿಕೆ ಇಟಾಲಿಕ್, ಆವರಣ ನೆಟ್ಟಗೆ. ಝೊಟೆರೊ ಎರಡನ್ನೂ ಇಟಾಲಿಕ್ ಮಾಡುತ್ತದೆ. ಅದಕ್ಕೊಂದು ಉಪಾಯ: ಶೀರ್ಷಿಕೆ ಖಾನೆಯಲ್ಲಿ ಆವರಣದ ಭಾಗವನ್ನು <i> ಮತ್ತು </i> ಎಂಬ ಐ ಟ್ಯಾಗ್‌ನೊಳಗೆ ಇಡಿ. ಇಟಾಲಿಕ್ ಒಳಗೆ ಇಟಾಲಿಕ್ ಸಿಕ್ಕಿದರೆ ಝೊಟೆರೊ ಅದನ್ನು ನೆಟ್ಟಗೆ ಮಾಡುತ್ತದೆ. ಜರ್ನಲ್ ಲೇಖನದ ಶೀರ್ಷಿಕೆಗೆ ಇದನ್ನು ಮಾಡಬೇಡಿ, ಅದು ಮೊದಲೇ ನೆಟ್ಟಗಿರುತ್ತದೆ, ತಿರುಗುಮುರುಗಾಗುತ್ತದೆ.

ಭಾಷೆಯ ಖಾನೆಯಲ್ಲಿ ಕನ್ನಡದ ಎರಡಕ್ಷರದ ಸಂಕೇತ "ಕೆಎನ್" (kn) ಹಾಕಿಡಿ. ಖಾಲಿ ಬಿಟ್ಟರೆ ನಾಳೆ ಬೇರೆ ಜರ್ನಲ್‌ಗೆಂದು ಶಿಕಾಗೊ ಶೈಲಿಗೆ ಬದಲಿಸಿದಾಗ ಕನ್ನಡ ಪದಗಳಿಗೂ ಇಂಗ್ಲಿಷಿನಂತೆ ದೊಡ್ಡಕ್ಷರ ಬೀಳುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಶೀರ್ಷಿಕೆಯನ್ನು ನೇರ ಅಂಟಿಸಿದರೆ ಚಿತ್ರವಿಚಿತ್ರ ಅಕ್ಷರ ಬರುತ್ತವೆ, ಯೂನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಿ.

ಲಿಪ್ಯಂತರಕ್ಕೆ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಮಾನದಂಡ ಹಿಡಿಯಿರಿ. ದೀರ್ಘ ಏ, ಓಗಳಿಗೆ ಮೇಲ್ಗೆರೆ, ಳಕಾರಕ್ಕೆ ಕೆಳಚುಕ್ಕಿ.

ಗುಬ್ಬಿಗೇಟ್

ಗೆರೆ ಚುಕ್ಕಿಗಳ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ಶಾಸನಶಾಸ್ತ್ರದ ಜರ್ನಲ್‌ಗಾದರೆ ಸರಿ. ನೀರಾವರಿ, ಸಮಾಜಶಾಸ್ತ್ರದ ಜರ್ನಲ್ ಕೇಳದಿದ್ದರೆ ಸಾದಾ ರೋಮನ್ ಸಾಕು. ಅರ್ಧಕ್ಕೆ ಗೆರೆ ಹಾಕಿ ಅರ್ಧಕ್ಕೆ ಬಿಡುವುದಕ್ಕಿಂತ ಹಾಕದೇ ಇರುವುದು ವಾಸಿ.

ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹದ ಪಿಎಚ್‌ಡಿ ಪ್ರಬಂಧಗಳಿದ್ದರೆ ಬ್ರೌಸರ್ ವಿಳಾಸ ಬೇಡ, 10603 ಇರುವ ಹ್ಯಾಂಡಲ್ ಕೊಂಡಿ (ಬದಲಾಗದ ವಿಳಾಸ) ಕೊಡಿ. ಶೀರ್ಷಿಕೆ ಆದಮೇಲೆ ಚೌಕ ಆವರಣದಲ್ಲಿ ಡಾಕ್ಟೋರಲ್ ಡಿಸರ್ಟೇಶನ್, ಅಲ್ಪವಿರಾಮ, ವಿಶ್ವವಿದ್ಯಾನಿಲಯದ ಹೆಸರು. ಆಮೇಲೆ ಶೋಧಗಂಗಾ, ಕೊಂಡಿ. ಡಿಒಐ (ಲೇಖನದ ಶಾಶ್ವತ ಗುರುತು) ಕೊಂಡಿಯ ಕೊನೆಗೆ ಪೂರ್ಣವಿರಾಮ ಹಾಕಬೇಡಿ, ಕ್ಲಿಕ್ ಮಾಡಿದಾಗ ತೆರೆಯದೆ ಹೋಗಬಹುದು.

ಕೆರೆಏರಿ

ಗೆಜೆಟಿಯರ್, ಹೆಸರುಗಳು ಸರಿಯಾದವು. ಕೊನೆಯದೊಂದು: ನಮ್ಮ ಗೈಡ್ ಗೂಗಲ್ ಡಾಕ್ಸ್‌ನಲ್ಲಿ ತಿದ್ದುತ್ತೇನೆ ಅನ್ನುತ್ತಾರೆ. ಹಾಗೇ ಅಪ್‌ಲೋಡ್ ಮಾಡಬಹುದಾ?

ನಂದಿತಪ್ಪಲು

ಬೇಡ. ವರ್ಡ್ ಫೈಲನ್ನು ನೇರ ಡಾಕ್ಸ್‌ನಲ್ಲಿ ತೆರೆದರೆ ಝೊಟೆರೊ ಫೀಲ್ಡ್‌ಗಳು ಸತ್ತು ಬರೀ ಅಕ್ಷರಗಳಾಗುತ್ತವೆ, ಮತ್ತೆ ಜೀವ ಬರುವುದಿಲ್ಲ. ಝೊಟೆರೊ ಟ್ಯಾಬ್‌ನ ಡಾಕ್ಯುಮೆಂಟ್ ಪ್ರಿಫರೆನ್ಸಸ್‌ಗೆ ಹೋಗಿ, ಬೇರೆ ವರ್ಡ್ ಪ್ರೊಸೆಸರ್‌ಗೆ ಬದಲಿಸುವ ಗುಂಡಿ ಒತ್ತಿ, ಹಾಗೆ ಬದಲಾದ ಫೈಲಿನ ಪ್ರತಿಯನ್ನು ಕಳಿಸಿ. ವಾಪಸ್ ತರುವಾಗಲೂ ಅದೇ ದಾರಿ. ಸರ್ ಅದಕ್ಕೆ ಒಪ್ಪದಿದ್ದರೆ ಪಿಡಿಎಫ್ ಕೊಟ್ಟು ಟಿಪ್ಪಣಿ ಹಾಕಿಸಿಕೊಳ್ಳಿ.

ಜರ್ನಲ್‌ಗೆ ಕಳಿಸುವ ದಿನ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, ಆ ಪ್ರತಿಯಲ್ಲಿ ಮಾತ್ರ ಅನ್‌ಲಿಂಕ್ ಸೈಟೇಶನ್ಸ್ ಒತ್ತಿ. ಮೂಲ ಫೈಲ್‌ನಲ್ಲಿ ಒತ್ತಿದರೆ, ರಿವ್ಯೂ ಮುಗಿದು ನಾಲ್ಕು ರೆಫರೆನ್ಸ್ ಸೇರಿಸಿ ಅಂದಾಗ 64ನ್ನೂ ಮತ್ತೆ ಹಾಕುತ್ತಾ ಕೂರಬೇಕಾಗುತ್ತದೆ.