ಅಪ್‌ಡೇಟ್: ಔಲಿ ಸ್ಕೀ ಲಾಡ್ಜ್ ಬಿಡೋದಾ ಬೇಡ್ವಾ ಅಂತ ಕೇಳಿದ್ನಲ್ಲ

ಹೋದ ತಿಂಗಳು ಕೇಳಿದ್ದೆ, ನಾನು ಮುಂಬೈ ಹತ್ತಿರದ ಡೊಂಬಿವಲಿಯವ್ನು, ಉತ್ತರಾಖಂಡದ ಔಲಿಲಿ ಫ್ರೆಂಡ್ ಜೊತೆ ಸಣ್ಣ ಲಾಡ್ಜು, ಸ್ಕೀ ಬಾಡಿಗೆ ನಡೆಸ್ತೀನಿ, ಹಿಮ ನೆಟ್ಟಗೆ ಬೀಳ್ತಿಲ್ಲ, ಲೀಸ್ ಮುಂದುವರಿಸ್ಲಾ ಅಂತ. ಸುಮಾರು ಜನ ಕೃತಕ ಹಿಮ ಮಾಡೋ ಸ್ನೋ ಮಷೀನ್ ಹಾಕಿ ಅಂದ್ರಿ. ವಿಚಾರಿಸ್ದೆ. ನೀರು, ಕರೆಂಟು ಎರಡೂ ಧಾರಾಳ ಬೇಕು, ಮೇಲೆ ವೆಟ್ ಬಲ್ಬ್ ತಾಪಮಾನ (ಗಾಳಿಯ ತೇವಾಂಶನೂ ಲೆಕ್ಕಕ್ಕೆ ತಗೊಳ್ಳೋ ತಾಪಮಾನ) ಹತ್ತಿರತ್ತಿರ ಮೈನಸ್ 2 ಡಿಗ್ರಿಗೆ ಇಳೀಬೇಕು, ಇಲ್ಲಾಂದ್ರೆ ಬರೀ ನೀರು ಚಿಮ್ಮುತ್ತೆ ಅಷ್ಟೇ. ನಮ್ ಕೈಗೆಟುಕೋದಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು 2023ರ ಜನವರಿಲಿ, ಔಲಿ ಕೆಳಗಿನ ಊರು ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟು ಅಲ್ಲಿಂದ ಔಲಿಗೆ ಬರೋ ರೋಪ್‌ವೇನೂ ನಿಂತೋದಾಗ. ಅಲ್ಲಿನವ್ರು ಮನೇನೇ ಕಳ್ಕೊಂಡ್ರು, ಅವ್ರ ಮುಂದೆ ನನ್ ನಷ್ಟ ಏನೂ ಅಲ್ಲ. ಆದ್ರೂ ಸೀಸನ್ ಜನವರಿಯಿಂದ ಮಾರ್ಚು, ಬಾಡಿಗೆ, ಲೋನ್ ಕಂತು ಮಾತ್ರ 12 ತಿಂಗಳು, ಮುಂಗಾರು ಕೈಕೊಟ್ಟ ವರ್ಷ ಊರಲ್ಲಿ ಅಜ್ಜ ಆಕಾಶ ನೋಡ್ತಾ ಕೂರ್ತಿದ್ದ ಹಾಗೇ ನಾನು ಇಲ್ಲಿ ಲೋಕಲ್ ಟ್ರೈನಲ್ಲಿ ನಿಂತ್ಕೊಂಡು ಔಲಿ ಹವಾಮಾನ ನೋಡ್ತಿದ್ದೆ.

ಹೋದ ವಾರ ಹೋಗ್ಬಂದೆ. ಸ್ಟೋರ್ ರೂಮಲ್ಲಿ 40 ಜೊತೆ ಬೂಟು, ಒಳಗಿನ ಲೈನರ್‌ಗೆ ಮುಗ್ಗಲು ವಾಸನೆ, ಸ್ಕೀ ಅಂಚಿಗೆಲ್ಲ ಕಂದು ತುಕ್ಕು. ನಮ್ ಹುಡುಗ ಎಣ್ಣೆ ಬಟ್ಟೆ ಹಿಡ್ಕೊಂಡು ಒಂದೊಂದೇ ಒರೆಸ್ತಿದ್ದ, ಅವನಿಗೆ 2 ತಿಂಗಳ ಸಂಬಳ ಬಾಕಿ ಇತ್ತು. ಕರುಳು ಚುರ್ ಅಂತು. ಎಫ್‌ಡಿ ಮುರಿಸಿ ಮೊದ್ಲು ಅದನ್ನ ಕೊಟ್ಟೆ.

ಲೀಸ್ ಪೂರ್ತಿ ಬಿಡ್ತಿಲ್ಲ, 4 ರೂಮ್ ಇಟ್ಕೊಂಡಿದೀವಿ, ಬೇಸಿಗೇಲಿ ಔಲಿ ಮೇಲಿನ ಹುಲ್ಲುಗಾವಲು ಗೋರ್ಸನ್ ಬುಗ್ಯಾಲ್ ಟ್ರೆಕ್‌ಗೆ ಬರೋರಿಗೆ. ಅರ್ಧ ಸ್ಕೀ ಅಲ್ಲಿನ ಹುಡುಗ್ರಿಗೇ ಕಂತಲ್ಲಿ ಕೊಟ್ವಿ.