ಆಟಕ್ಕಿಂತ ಅದರ ಡಿಎಲ್‌ಸಿಗಳೇ ದುಬಾರಿ: ಕೊಳ್ಳಬೇಕೋ, ಬಿಡಬೇಕೋ?

ಗಬ್ಬೂರು ಗೇರ್‌ಬಾಕ್ಸ್

ಹುಬ್ಬಳ್ಳಿಯಲ್ಲಿ ನನ್ನದು ಲಾರಿ ಬಿಡಿಭಾಗಗಳ ಅಂಗಡಿ. ಹಗಲೆಲ್ಲ ಕ್ಲಚ್ ಪ್ಲೇಟು, ಬ್ರೇಕ್ ಲೈನರ್ ಮಾರಿ ಬಂದು, ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಮತ್ತೆ ಲಾರಿಯನ್ನೇ ಓಡಿಸುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಆಟ ಯೂರೋ ಟ್ರಕ್ ಸಿಮ್ಯುಲೇಟರ್ 2. ಬಂದದ್ದು 2012ರಲ್ಲಿ, ಇಂದಿಗೂ ಬೇಸರ ತರಿಸಿಲ್ಲ.

ಮೂಲ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳಿಗೆ ಡಿಎಲ್‌ಸಿ ಎನ್ನುತ್ತಾರೆ; ಈ ಆಟದಲ್ಲಿ ಅವು ಹೊಸ ಪ್ರದೇಶಗಳ ನಕ್ಷೆಗಳು. ಮೊನ್ನೆ ಕುತೂಹಲಕ್ಕೆ ಆ ನಕ್ಷೆಗಳನ್ನೆಲ್ಲ ಒಟ್ಟಿಗೆ ಕಾರ್ಟಿಗೆ ಹಾಕಿ ನೋಡಿದೆ. ಮೂಲ ಆಟದ ಬೆಲೆ ಸುಮಾರು 20 ಡಾಲರ್. 2013ರ ಗೋಯಿಂಗ್ ಈಸ್ಟ್‌ಗೆ 10 ಡಾಲರ್. 2015ರ ಸ್ಕ್ಯಾಂಡಿನೇವಿಯಾಕ್ಕೆ 18. ಆಮೇಲೆ ಫ್ರಾನ್ಸ್, ಇಟಲಿ, ಬಾಲ್ಟಿಕ್, ಕಪ್ಪು ಸಮುದ್ರ, ಐಬೇರಿಯಾ ಎಂದು ಸಾಲು ಬೆಳೆಯುತ್ತಲೇ ಇದೆ. ಮೊತ್ತ ನೋಡಿ ಕಾರ್ಟನ್ನು ಹಾಗೆಯೇ ಬಿಟ್ಟು ಎದ್ದೆ.

ಬಿಡಿಬಿಡಿಯಾಗಿ ಮಾರುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ಕಡೆ ಲಾರಿ ಕೊಂಡವರು ಕಂಪನಿಯಿಂದ ಚಾಸಿ ತಂದು, ಬಾಡಿಯನ್ನು ಬೇರೆ ಕಡೆ ಕಟ್ಟಿಸುವುದು ಇದ್ದದ್ದೇ. ಆದರೆ ಬಾಡಿ ಕಟ್ಟುವವನು ಕೆಲಸ ಹಿಡಿಯುವ ಮೊದಲು ಕೊಟೇಶನ್ ಕೊಡುತ್ತಾನೆ. ಆಟದವರು ಕೊಡುವುದಿಲ್ಲ. ಇನ್ನೂ ಎಷ್ಟು ನಕ್ಷೆ ಬರುತ್ತವೆ, ಕೊನೆಗೆ ಎಷ್ಟಾಗುತ್ತದೆ ಎಂದು ಯಾರನ್ನು ಕೇಳುವುದು?

ಇದರ ಮೇಲೆ ಅಣ್ಣನ ಮಗನ ಬೇಡಿಕೆ: ಎಲ್ಡನ್ ರಿಂಗ್ ಎಂಬ ಆಟದ ವಿಸ್ತರಣೆ, ಅಂದರೆ ದೊಡ್ಡ ಡಿಎಲ್‌ಸಿ. 40 ಡಾಲರ್! ಬೆಲೆ ನಿಜವಾಗಿಯೂ ಏರಿದೆಯೇ, ಅಥವಾ ನನಗೆ ಮಾತ್ರ ಹಾಗೆ ಅನ್ನಿಸುತ್ತಿದೆಯೇ? ತಿಳಿದವರು ಹೇಳಿ.

ಬೆಟಗೇರಿ ಪ್ರೆಸ್

ಏರಿದೆ, ಅಣ್ಣಾವರೇ. ಒಂದೇ ಕಂಪನಿಯ ಲೆಕ್ಕ ಹಿಡಿಯಿರಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2015ರಲ್ಲಿ ವಿಚರ್ 3 ಎಂಬ ಆಟದ ಮೊದಲ ವಿಸ್ತರಣೆಯನ್ನು 10 ಡಾಲರಿಗೆ ಕೊಟ್ಟಿತು. 2016ರಲ್ಲಿ ಎರಡನೆಯದು 20 ಡಾಲರ್. 2023ರಲ್ಲಿ ಅವರದೇ ಸೈಬರ್‌ಪಂಕ್ ಆಟದ ವಿಸ್ತರಣೆ 30 ಡಾಲರ್. ಮರುವರ್ಷ ಬೇರೆಯವರದು, ನಿಮ್ಮ ಹುಡುಗ ಕೇಳುತ್ತಿರುವುದು, 40.

2006ರಲ್ಲಿ ಆಬ್ಲಿವಿಯನ್ ಆಟದಲ್ಲಿ ಕುದುರೆಗೆ ಕವಚ ತೊಡಿಸಲು ಎರಡೂವರೆ ಡಾಲರ್ ಕೇಳಿದಾಗ ಜಗತ್ತೇ ಹಾಸ್ಯ ಮಾಡಿತ್ತು. ಹಾಸ್ಯ ಮಾಡಿದವರೇ ಕೊಂಡರು, ಅದು ಬೇರೆ ಮಾತು. ಆಗ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು. ಈಗ ಅದರ ಸುಮಾರು ಎರಡು ಪಟ್ಟು. ಡಾಲರಿನಲ್ಲಿ ಏರಿದ್ದು ಒಂದು, ರೂಪಾಯಿ ಇಳಿದದ್ದು ಇನ್ನೊಂದು. ಕಾಗದವನ್ನೂ ಮಸಿಯನ್ನೂ ಕೊಳ್ಳುವ ನನಗೆ ಈ ಎರಡು ಕಡೆಯ ಹೊಡೆತ ಚೆನ್ನಾಗಿ ಗೊತ್ತು.

ಸಪ್ತಾಪುರದ ಬಾಡಿಗೆ ಕೋಣೆ

ಕಾಕಾ ಅವರೇ, ಸ್ವಲ್ಪ ನಿಲ್ಲಿ. 10, 20, 30 ಎಂದು ಸಾಲಾಗಿ ಬರೆದರೆ ಭಯವಾಗುವುದು ಸಹಜ. ಆದರೆ ವಿಚರ್‌ನ ಎರಡನೆಯ ವಿಸ್ತರಣೆ ಮೊದಲನೆಯದಕ್ಕಿಂತ ಬಹಳ ದೊಡ್ಡದು, ಅದರಲ್ಲಿ ಹೊಸ ಪ್ರಾಂತವೇ ಇದೆ. ಅದೇ ಆಟಕ್ಕೆ 16 ಸಣ್ಣ ಡಿಎಲ್‌ಸಿಗಳನ್ನು ಬಿಟ್ಟಿಯಾಗಿ ಕೊಟ್ಟರು, ಅದನ್ನು ನೀವು ಬರೆಯಲಿಲ್ಲ.

ಲಾರಿ ಆಟದ ವಿಷಯದಲ್ಲಂತೂ ಕೇಳಿದವರ ಅಂಕಿಗಳೇ ಉತ್ತರ ಹೇಳುತ್ತವೆ. 2015ರ ಸ್ಕ್ಯಾಂಡಿನೇವಿಯಾ 18 ಡಾಲರ್, 2021ರ ಐಬೇರಿಯಾ ಕೂಡ 18 ಡಾಲರ್. ಒಂದೊಂದರ ಬೆಲೆ ಏರಲಿಲ್ಲ, ನಕ್ಷೆಗಳ ಸಂಖ್ಯೆ ಏರಿತು. ಜರ್ಮನಿ, ಆಸ್ಟ್ರಿಯಾಗಳ ಹಳೆಯ ರಸ್ತೆಗಳನ್ನು ಅವರು ಮತ್ತೆ ಕಟ್ಟಿ, ಮೂಲ ಆಟ ಇದ್ದವರಿಗೆಲ್ಲ ಉಚಿತವಾಗಿ ಕೊಟ್ಟರು. ಹನ್ನೆರಡು ವರ್ಷ ದಾಟಿದ ಆಟಕ್ಕೆ ಇಂಥ ದುರಸ್ತಿಯ ಹಣ ನಕ್ಷೆ ಮಾರದೆ ಎಲ್ಲಿಂದ ಬರಬೇಕು?

ಸಿಟ್ಟು ಮಾಡಲೇಬೇಕೆಂದರೆ ಡೆಸ್ಟಿನಿ 2 ಎಂಬ ಆಟದ ಮೇಲೆ ಮಾಡಿ. ಜನ ದುಡ್ಡು ಕೊಟ್ಟು ಕೊಂಡ ಕಥಾಭಾಗಗಳನ್ನು 2020ರಲ್ಲಿ ಆಟದಿಂದಲೇ ತೆಗೆದರು. ಫೋರ್ಸೇಕನ್ ಎಂಬ ವಿಸ್ತರಣೆಯ ಕಥೆ 2022ರಲ್ಲಿ ಹೋಯಿತು. ದುಬಾರಿ ಎನ್ನುವುದಕ್ಕಿಂತ ಇದು ದೊಡ್ಡ ದೂರು.

ಬೆಟಗೇರಿ ಪ್ರೆಸ್

ವಿಸ್ತರಣೆ ದೊಡ್ಡದಾಯಿತು ಎಂದು ಒಪ್ಪುತ್ತೇನೆ. ಆದರೆ ದೊಡ್ಡದು ಮಾಡಿ ಎಂದು ನಾನು ಕೇಳಿರಲಿಲ್ಲವಲ್ಲ, ತಮ್ಮಾ! ಹತ್ತು ಡಾಲರಿನ ಸಣ್ಣ, ಅಚ್ಚುಕಟ್ಟಾದ ಕಥೆ ಈಗ ಹುಡುಕಿದರೂ ಸಿಗುವುದು ಕಷ್ಟ. ನನ್ನ ಗೊಣಗಾಟ ಅದು.

ಬ್ಯಾಡಗಿ ಕಡ್ಡಿ

ಇಬ್ಬರೂ ಜಗಳ ಮುಂದುವರಿಸಿ. ಪ್ರಶ್ನೆ ಕೇಳಿದವರಿಗೆ ಕೊಳ್ಳುವ ದಾರಿ ಹೇಳುತ್ತೇನೆ.

ಪೂರ್ತಿ ಬೆಲೆಗೆ ಯಾವ ನಕ್ಷೆಯನ್ನೂ ಕೊಳ್ಳಬೇಡಿ. ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೇಸಿಗೆಯ ಸೇಲ್ ಜೂನ್ ಕೊನೆಗೆ, ಚಳಿಗಾಲದ್ದು ಡಿಸೆಂಬರ್ ಕೊನೆಗೆ ಬರುತ್ತದೆ. ನಕ್ಷೆ ಹಳೆಯದಾದಷ್ಟೂ ರಿಯಾಯಿತಿ ಹೆಚ್ಚು. ಹಲವು ನಕ್ಷೆಗಳನ್ನು ಒಟ್ಟಿಗೆ ಮಾರುವ ಬಂಡಲ್ ಇದ್ದರೆ ಅದನ್ನೂ ತೆರೆದು ನೋಡಿ, ನಿಮ್ಮ ಹತ್ತಿರ ಈಗಾಗಲೇ ಇರುವುದನ್ನು ಕಳೆದು ಉಳಿದದ್ದಕ್ಕೆ ಮಾತ್ರ ಬೆಲೆ ಹಾಕುತ್ತಾರೆ. ಕೊಂಡ ಮೇಲೆ ಮನಸ್ಸಿಗೆ ಬರದಿದ್ದರೆ, 14 ದಿನಗಳ ಒಳಗೆ, ಡಿಎಲ್‌ಸಿ ಕೊಂಡಂದಿನಿಂದ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಆಟದೊಳಗೆ ಬಳಸಿ ಮುಗಿಸುವ ವಸ್ತುಗಳಿಗೆ ಈ ಸೌಲಭ್ಯವಿಲ್ಲ.

ಪ್ರೊಮಾಡ್ಸ್ ಎಂಬ ಉಚಿತ ನಕ್ಷೆಯ ಬಗ್ಗೆ ಯಾರಾದರೂ ಹೇಳಿದರೆ ಕುಣಿಯಬೇಡಿ. ನಕ್ಷೆ ಉಚಿತ, ನಿಜ. ಅದು ಓಡಬೇಕಾದರೆ ಅಧಿಕೃತ ನಕ್ಷೆಗಳು ನಿಮ್ಮಲ್ಲಿ ಇರಬೇಕು.

ಇನ್ನು ನಿಮ್ಮ ಹುಡುಗ. ಎಲ್ಡನ್ ರಿಂಗ್‌ನಲ್ಲಿ ಮೋಗ್ ಮತ್ತು ರಾಡಾನ್ ಎಂಬ ಇಬ್ಬರು ಎದುರಾಳಿಗಳನ್ನು ಸೋಲಿಸಿದ್ದಾನೆಯೇ ಎಂದು ಮೊದಲು ಕೇಳಿ. ಸೋಲಿಸದಿದ್ದರೆ, ಹಣ ಕೊಟ್ಟರೂ ಆ ವಿಸ್ತರಣೆಯ ಬಾಗಿಲು ತೆರೆಯುವುದಿಲ್ಲ.

ಗಬ್ಬೂರು ಗೇರ್‌ಬಾಕ್ಸ್

ಕೇಳಿದೆ. ರಾಡಾನ್ ಸತ್ತಿದ್ದಾನಂತೆ. ಮೋಗ್ ಹೆಸರು ಎತ್ತಿದ ಕೂಡಲೇ ಹುಡುಗ ಮಾತು ಬದಲಿಸಿದ. ಹಾಗಾಗಿ 40 ಡಾಲರಿನ ವಿಷಯ ಸದ್ಯಕ್ಕೆ ಮುಂದೂಡಲಾಗಿದೆ.

ಸಪ್ತಾಪುರದವರ ಮಾತು ಹಿಡಿಸಿತು. ಎಲ್ಲವನ್ನೂ ಒಟ್ಟಿಗೆ ಕಾರ್ಟಿಗೆ ತುಂಬಿದ್ದರಿಂದಲೇ ಮೊತ್ತ ಅಷ್ಟು ಎದ್ದು ಕಂಡಿತು. ಸೇಲ್ ಬಂದಾಗ ಒಂದೇ ನಕ್ಷೆ ಕೊಳ್ಳುತ್ತೇನೆ, ಅದನ್ನು ಓಡಿಸಿ ಮುಗಿಸುವವರೆಗೆ ಇನ್ನೊಂದರ ಮಾತಿಲ್ಲ. ಅಂಕೋಲೆಯ ದಾರಿಯಲ್ಲಿ ಅರಬೈಲ್ ಘಟ್ಟ ಇಳಿದವನಿಗೆ ನೇರ ರಸ್ತೆಯಲ್ಲಿ ನಿದ್ದೆ ಬರುತ್ತದೆ. ಘಟ್ಟ, ತಿರುವು ಹೆಚ್ಚಿರುವ ನಕ್ಷೆ ಯಾವುದು?

ಬ್ಯಾಡಗಿ ಕಡ್ಡಿ

ಸ್ಕ್ಯಾಂಡಿನೇವಿಯಾ. ನಾರ್ವೆಯಲ್ಲಿ ಬರ್ಗೆನ್ ಕಡೆಗೆ ಲೋಡು ಹಿಡಿಯಿರಿ. ರಿಟಾರ್ಡರ್ (ಇಳಿಜಾರಿನಲ್ಲಿ ವೇಗ ತಗ್ಗಿಸುವ ಸಾಧನ) ಇರುವ ಗಾಡಿಯನ್ನೇ ತೆಗೆದುಕೊಳ್ಳಿ.